ಬೂದಿದಿಬ್ಬದ ಜಾಗವನ್ನು ನಿವೇಶನದ ಪಟ್ಟಿಯಿಂದ ತೆಗೆಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಬಳ್ಳಾರಿ ಸೀಮೆಯ ನಮ್ಮ ಈ ಸಣ್ಣ ಪಟ್ಟಣ ಪಂಚಾಯಿತಿಯ ಜಾಗದಲ್ಲಿರುವ ಬೂದಿದಿಬ್ಬವನ್ನು, ಅಂದರೆ ಸಾವಿರಾರು ವರ್ಷಗಳ ಹಿಂದಿನ ಜನ ಬಿಟ್ಟುಹೋದ ಬೂದಿಯ ಗುಡ್ಡೆಯನ್ನು, ನಿವೇಶನದ ಪಟ್ಟಿಯಿಂದ ತೆಗೆಸಿ, ಸುತ್ತ ಬೇಲಿ ಹಾಕಿಸಿ. ಇದನ್ನೇ ಅರ್ಜಿಯಲ್ಲಿ ಬರೆದು ಬರೆದು ಸಾಕಾಗಿದೆ. ಪಂಚಾಯಿತಿಯವರು ತಾಲ್ಲೂಕು ಕಚೇರಿಗೆ ಹೋಗಿ ಅನ್ನುತ್ತಾರೆ. ಅಲ್ಲಿಯವರು ಬೇರೆ ಇಲಾಖೆಗೆ ಬರೆಯಿರಿ ಅನ್ನುತ್ತಾರೆ. ಆ ಇಲಾಖೆಯವರು ಜಾಗ ಪಂಚಾಯಿತಿಯದ್ದಲ್ಲವೇ ಎಂದು ಕೇಳುತ್ತಾರೆ. ಅದಕ್ಕೇ ಈಗ ಎಲ್ಲರೆದುರು ನಿಮ್ಮನ್ನು ಕೇಳುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಹೊಸ ಲೇಔಟಿನ ರಸ್ತೆಗೆ ಮಣ್ಣು ಬೇಕೆಂದು ರಾತ್ರೋರಾತ್ರಿ ಜೆಸಿಬಿ ತಂದು ದಿಬ್ಬದ ಒಂದು ಮಗ್ಗುಲನ್ನು ಕಡಿದರು. ಬೆಳಿಗ್ಗೆ ಹೋಗಿ ನೋಡಿದರೆ, ಕಡಿದ ಕಡೆ ಬಿಳಿ, ಬೂದು, ಕಪ್ಪು ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಡಕೆ ಚೂರು, ದನದ ಮೂಳೆ, ಬೆಂಕಿಗೆ ಕರಗಿ ಗಾಜಿನಂತೆ ಗಟ್ಟಿಯಾದ ಬೂದಿಯ ಉಂಡೆಗಳು. ಅವುಗಳ ನಡುವೆ ಅಂಚು ಮುರಿದ ಒಂದು ಕಲ್ಲುಕೊಡಲಿ. ಡ್ರೈವರ್ ಹುಡುಗ "ಸರ್, ಬೇಕಾದ್ರ ನೀವ ಇಟ್ಕೊಳ್ರಿ" ಎಂದು ಅದನ್ನು ನನ್ನ ಕೈಗಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಕ್ಕದಲ್ಲೇ ನಿಂತಿದ್ದ ಪಂಚಾಯಿತಿ ಸಿಬ್ಬಂದಿಯೊಬ್ಬರು "ದನದ ಸಗಣಿ ಬೂದಿಗೆ ಇಷ್ಟೊಂದು ಗಲಾಟೆ ಯಾಕ್ರಿ?" ಅಂದರು. ಆ ಮಾತು ಇವತ್ತಿಗೂ ಮೈ ಉರಿಸುತ್ತದೆ.

ಹೌದು ಸ್ವಾಮಿ, ಸಗಣಿಯ ಬೂದಿಯೇ. 4000 ವರ್ಷಕ್ಕೂ ಹಿಂದೆ ಈ ನೆಲದಲ್ಲಿ ದನ ಕಟ್ಟಿ ಬದುಕಿದವರು ಸುಟ್ಟ ಸಗಣಿ. ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ 1891ರವರೆಗೆ ದಕ್ಷಿಣದ ಗುಡ್ಡಗಳನ್ನು ಅಲೆದವರು. ಇಂಥ ದಿಬ್ಬಗಳಲ್ಲಿರುವುದು ಸಗಣಿಯ ಬೂದಿ ಎಂದು ಅವರು ಆಗಲೇ ಗುರುತಿಸಿದ್ದರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಅಗೆಸಿದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸುರಪುರ ಸೀಮೆಯಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ಬೂದಿಹಾಳದ ದಿಬ್ಬಕ್ಕೆ ವರ್ಷಗಟ್ಟಲೆ ದುಡಿದು, ಅಲ್ಲಿ ದನ ಕೊಯ್ದು ಹಂಚಿಕೊಳ್ಳುತ್ತಿದ್ದ ಅಂಗಳವನ್ನೇ ತೋರಿಸಿಕೊಟ್ಟರು. ಇವರೆಲ್ಲರ ಆಯುಸ್ಸು ಸವೆದದ್ದು ಇಂಥ ನೆಲದ ಮೇಲೆ. ನೆಲ ಇದ್ದ ಹಾಗೇ ಇದ್ದರೆ ಮಾತ್ರ ಅವರು ಹೇಳಿದ್ದನ್ನು ಮುಂದಿನವರು ಮತ್ತೆ ಪರೀಕ್ಷಿಸಬಹುದು. ಪದರ ಕಲಸಿಹೋದ ಮೇಲೆ ಯಾವ ವಿದ್ವಾಂಸ ಬಂದರೂ ಓದಲು ಏನೂ ಇರುವುದಿಲ್ಲ.

ನಾನೂ ಪುರಾತತ್ವದಲ್ಲಿ ಎಂ.ಎ. ಮಾಡಿದವನು. ಉತ್ಖನನ ನಡೆದಾಗ ದಿನಗೂಲಿ, ನಿಂತಾಗ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ವರ್ಷದ ಕೆಲವು ತಿಂಗಳು ಸಂಬಳವೇ ಇಲ್ಲ. ಹೆಂಡತಿಯ ಹೊಲಿಗೆ ಯಂತ್ರದಿಂದ ಮನೆ ನಡೆದ ದಿನಗಳಿವೆ. ಬೆಂಗಳೂರಿಗೆ ಹೋಗಿ ಬೇರೆ ಕೆಲಸ ನೋಡಿಕೋ ಎಂದು ಅಣ್ಣಂದಿರು ಹೇಳಿದರೂ ಹೋಗಲಿಲ್ಲ. ಊರಲ್ಲಿ ಈ ದಿಬ್ಬ ಇದೆ, ಒಂದಲ್ಲ ಒಂದು ದಿನ ಇದನ್ನು ಸರಿಯಾಗಿ ಅಗೆದು ನೋಡುತ್ತಾರೆ, ಆಗ ನಾನಿಲ್ಲಿ ಇರಬೇಕು ಎಂದು ಉಳಿದೆ. ಅಗೆದದ್ದು ಜೆಸಿಬಿ.

ಮನೆಯಿಲ್ಲದವರಿಗೆ ನಿವೇಶನ ಕೊಡಬೇಡಿ ಎನ್ನುವಷ್ಟು ಕಲ್ಲೆದೆ ನನಗಿಲ್ಲ. ಹಳ್ಳದ ಆಚೆ ಪಂಚಾಯಿತಿಯದೇ ಜಾಗ ಜಾಲಿ ಬೆಳೆದು ಬಿದ್ದಿದೆ. ಅದನ್ನು ಹಂಚಿ, ಮೊದಲು ನಾನೇ ಚಪ್ಪಾಳೆ ತಟ್ಟುತ್ತೇನೆ. ದಿಬ್ಬವನ್ನು ಮಾತ್ರ ಬಿಡಿ.

1961ರ ರಾಜ್ಯ ಸ್ಮಾರಕ ಕಾಯ್ದೆಯಲ್ಲಿ ಸರ್ಕಾರ ಇಂಥ ಸ್ಥಳವನ್ನು ಸಂರಕ್ಷಿತವೆಂದು ಘೋಷಿಸಬಹುದು ಎಂಬುದು ನಿಮಗೆ ಗೊತ್ತಿರುವ ವಿಷಯ. ಗೊತ್ತಿದ್ದೂ ಸುಮ್ಮನಿರುವುದು ಯಾಕೆ? ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಗೆ ನೀವೇ ಬಂದು ಕೂತು, ಆ ಸರ್ವೆ ನಂಬರನ್ನು ಪಟ್ಟಿಯಿಂದ ತೆಗೆಯುವ ಠರಾವು ಮಾಡಿಸಿ. ಘೋಷಣೆಗೆ ಸರ್ಕಾರಕ್ಕೆ ನಿಮ್ಮ ಸಹಿಯಲ್ಲೇ ಪತ್ರ ಬರೆಯಿರಿ. ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಅಲ್ಲಿಂದ ಹೋಗದಂತೆ ಮಳೆಗಾಲಕ್ಕೆ ಮುಂಚೆ ಬೇಲಿ ಹಾಕಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ