ಭಾನುವಾರದ ಚರ್ಚೆಗೆ: ನಿಕೊಲಾವೊಸ್ ಪ್ಲಾಸ್ಟಿರಾಸ್

ಎಲ್ಲರಿಗೂ ನಮಸ್ಕಾರ. ಈ ವಾರ ಗ್ರೀಸ್‌ನ ಪ್ಲಾಸ್ಟಿರಾಸ್ ಬಗ್ಗೆ ಮಾತಾಡೋಣ. ಸೈನ್ಯದಿಂದ ಬಂದು ಮೂರು ಸಲ ಪ್ರಧಾನಿಯಾದವರು. ಜನ ಅವರನ್ನು 'ಕಪ್ಪು ಕುದುರೆ ಸವಾರ' ಅಂತ ಕರೆಯುತ್ತಿದ್ದರು.

ದಯವಿಟ್ಟು 1922ರ ಭಾಗವನ್ನು ಸರಿಯಾಗಿ ಓದಿಕೊಂಡು ಬನ್ನಿ. ಏಷ್ಯಾ ಮೈನರ್‌ನಲ್ಲಿ (ಈಗಿನ ಟರ್ಕಿಯ ಭಾಗ) ಗ್ರೀಕ್ ಸೇನೆ ಸೋತು ಚದುರಿ, ಲಕ್ಷಾಂತರ ನಿರಾಶ್ರಿತರು ಸಮುದ್ರ ದಾಟಿ ಬರುತ್ತಿದ್ದಾಗ, ಇವರು ಇತರ ಅಧಿಕಾರಿಗಳ ಜೊತೆ ದಂಗೆ ಎದ್ದು ರಾಜ ಕಾನ್‌ಸ್ಟಂಟೈನ್‌ನನ್ನು ಸಿಂಹಾಸನದಿಂದ ಇಳಿಸಿದರು. ಸೋಲಿಗೆ ಹೊಣೆ ಅಂತ ಆರು ಜನರನ್ನು ಗುಂಡಿಟ್ಟು ಕೊಂದರು. ಅದು ನ್ಯಾಯವಲ್ಲ, ಸೇಡು ಅಂತಲೇ ನನಗೆ ಅನಿಸುತ್ತದೆ. ಆದರೆ 1924ರ ಜನವರಿಯಲ್ಲಿ ಹೊಸ ಸಂಸತ್ತಿಗೆ ಅಧಿಕಾರ ಬಿಟ್ಟುಕೊಟ್ಟು ಹೊರನಡೆದರು. ದಂಗೆ ಎದ್ದವರು ಹಾಗೆ ಬಿಟ್ಟುಕೊಡುವುದು ಅಪರೂಪ, ಅಲ್ವಾ?

1933ರಲ್ಲಿ ಮತ್ತೆ ದಂಗೆಗೆ ಕೈ ಹಾಕಿ ಸೋತರು. ಆಮೇಲೆ ದೇಶ ಬಿಟ್ಟು ಫ್ರಾನ್ಸ್‌ನಲ್ಲಿ ವರ್ಷಗಟ್ಟಲೆ ವಾಸ. 1945ರಲ್ಲಿ ಕೆಲವೇ ತಿಂಗಳು ಪ್ರಧಾನಿ, ಆಮೇಲೆ 1950ರಲ್ಲಿ, ಕೊನೆಗೆ 1951-52ರಲ್ಲಿ.

ಸರ್ಕಾರ ಮತ್ತು ಕಮ್ಯುನಿಸ್ಟರ ನಡುವಿನ ಒಳಯುದ್ಧ ಮುಗಿದ ದೇಶಕ್ಕೆ ಸಮಾಧಾನ ಬೇಕು ಅಂತ ಹೇಳಿಯೇ ಅವರು ಮತ ಕೇಳಿದ್ದು. ಆದರೂ ಅವರ ಸರ್ಕಾರ ಇರುವಾಗಲೇ, 1952ರ ಮಾರ್ಚ್ 30ರಂದು, ಕಮ್ಯುನಿಸ್ಟ್ ನಾಯಕ ಬೆಲೊಯಾನಿಸ್‌ಗೆ ಮರಣದಂಡನೆ ಆಯಿತು. ಇದನ್ನು ಓದುವಾಗ ತುಂಬಾ ಸಂಕಟವಾಗುತ್ತದೆ. ಅದೇ ವರ್ಷ ಹೆಂಗಸರಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಕಾನೂನಾಯಿತು. ನವೆಂಬರ್ ಚುನಾವಣೆಯಲ್ಲಿ ಇನ್ನೊಬ್ಬ ಸೇನಾನಿ ಪಾಪಾಗೊಸ್ ಗೆದ್ದರು. ಪ್ಲಾಸ್ಟಿರಾಸ್ 1953ರ ಜುಲೈನಲ್ಲಿ ತೀರಿಕೊಂಡರು, ಆಸ್ತಿ ಅಂತ ಏನೂ ಇರಲಿಲ್ಲ.

ಬೆಲೊಯಾನಿಸ್ ವಿಷಯದಲ್ಲಿ ಅವರ ಹೊಣೆ ಎಷ್ಟು? ಯೋಚಿಸಿಕೊಂಡು ಬನ್ನಿ.