24ರ ಸಂಜೆ ಸೌತೆಕಾಯಿ ಹುಡುಕಾಟ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 24ರ ಸಂಜೆ 6ಕ್ಕೆ ಫ್ರೇಜರ್ ಟೌನ್ ಮನೆಗೆ ಮಕ್ಕಳನ್ನು ತಪ್ಪದೆ ಕರೆತನ್ನಿ. ಈ ಸಲವೂ ಕ್ರಿಸ್‌ಮಸ್ ಮರದಲ್ಲಿ ಗಾಜಿನ ಸೌತೆಕಾಯಿ ಬಚ್ಚಿಡುತ್ತೇವೆ.

ಸೌತೆಕಾಯಿ ಯಾಕೆ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, ಅಲ್ವಾ? ಜರ್ಮನಿಯ ಹಳೇ ಪದ್ಧತಿ ಅಂತ ನಾವು ಹೇಳುತ್ತಿದ್ದೆವು. ಆದರೆ ಜರ್ಮನಿಯಲ್ಲೇ ಹೆಚ್ಚಿನವರಿಗೆ ಇದು ಗೊತ್ತಿಲ್ಲ! ಅಲ್ಲಿನ ಲೌಷಾ ಊರಿನವರು ಗಾಜಿನಲ್ಲಿ ಹಣ್ಣು, ಕಾಯಿ ಊದಿ ಮಾಡುತ್ತಿದ್ದರು. 1880ರ ದಶಕದಲ್ಲಿ ಅಮೆರಿಕದ ವೂಲ್‌ವರ್ತ್ ಅಂಗಡಿಗಳು ಜರ್ಮನಿಯ ಗಾಜಿನ ಅಲಂಕಾರಗಳನ್ನು ಮಾರತೊಡಗಿದವು. ಈ ಆಟ ಹುಟ್ಟಿದ್ದು ಬಹುಶಃ ಅಮೆರಿಕದಲ್ಲೇ.

ನಮ್ಮ ಕಾಯಿಯ ತೊಟ್ಟಿನ ಹತ್ತಿರ ಸಣ್ಣ ಬಿರುಕಿದೆ. ಅಜ್ಜಿ ಕಟ್ಟಿದ ಕೆಂಪು ದಾರ ಹಾಗೇ ಇದೆ. ಹುಷಾರಾಗಿ ಮುಟ್ಟಲು ಮಕ್ಕಳಿಗೆ ಹೇಳಿ. ಮೊದಲು ಕಂಡವರಿಗೆ ಒಂದು ಉಡುಗೊರೆ ಜಾಸ್ತಿ. ದೊಡ್ಡವರು ಸುಳಿವು ಕೊಡಬೇಡಿ.

ಎಷ್ಟು ಮಕ್ಕಳು ಬರುತ್ತಾರೆ ಅಂತ 20ರೊಳಗೆ ಇಲ್ಲೇ ತಿಳಿಸಿ.