ಭಾನುವಾರದ ಫುಟ್‌ಬಾಲ್ ಪ್ರಾಕ್ಟೀಸ್: ಹಿಂದಿನಿಂದ ಆಟ ಕಟ್ಟೋಣ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 6.30ಕ್ಕೆ ನಮ್ಮ ಮಾಮೂಲಿ ಮೈದಾನದಲ್ಲೇ ಪ್ರಾಕ್ಟೀಸ್. ಗೋಲ್‌ಕೀಪರ್‌, ಡಿಫೆಂಡರ್‌, ಮಿಡ್‌ಫೀಲ್ಡರ್‌ಗಳು ತಪ್ಪದೆ ಬನ್ನಿ. ಫಾರ್ವರ್ಡ್‌ಗಳು 7.15ಕ್ಕೆ ಬಂದರೆ ಸಾಕು, ಪ್ರೆಸ್ ಮಾಡುವ, ಅಂದರೆ ಚೆಂಡಿದ್ದವರ ಮೇಲೆ ನುಗ್ಗಿ ಕಸಿಯಲು ನೋಡುವ ಕೆಲಸ ನಿಮ್ಮದು.

ಗೋಲ್ ಕಿಕ್ ಸಿಕ್ಕಾಗಲೆಲ್ಲ ಉದ್ದಕ್ಕೆ ಬಾರಿಸಿ ಚೆಂಡನ್ನು ಎದುರಾಳಿಗೆ ಕೊಟ್ಟಿದ್ದು ಸಾಕು ಅಲ್ವಾ? ಇನ್ನು ಕೀಪರ್ ಹತ್ತಿರದಿಂದಲೇ ಚಿಕ್ಕ ಪಾಸ್‌ಗಳಲ್ಲಿ ಆಟ ಕಟ್ಟೋಣ. 2019ರಲ್ಲಿ ಬದಲಾದ ನಿಯಮದ ಪ್ರಕಾರ ಪೆನಾಲ್ಟಿ ಏರಿಯಾದ (ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಜಾಗ) ಒಳಗೇ ನಮ್ಮವರು ಪಾಸ್ ತಗೊಳ್ಳಬಹುದು. ಚೆಂಡು ಒದ್ದು ಅಲುಗಾಡುವವರೆಗೆ ಎದುರಾಳಿಗಳು ಹೊರಗೇ ಇರಬೇಕು.

ನಡುವಿನ ಡಿಫೆಂಡರ್‌ಗಳು, ಅಂದರೆ ಸೆಂಟರ್ ಬ್ಯಾಕ್‌ಗಳು ಕೀಪರ್‌ನ ಎರಡೂ ಬದಿಗೆ ಅಗಲವಾಗಿ ನಿಲ್ಲಿ. ಬದಿಯ ಡಿಫೆಂಡರ್‌ಗಳು, ಅಂದರೆ ಫುಲ್ ಬ್ಯಾಕ್‌ಗಳು ಸ್ವಲ್ಪ ಮುಂದೆ, ಮೈದಾನದ ಪಕ್ಕದ ಗೆರೆ ಹತ್ತಿರ. ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ. ಮೈ ಅರ್ಧ ತಿರುಗಿಸಿ ನಿಂತು ಚೆಂಡಿಗೆ ದೂರ ಇರುವ ಕಾಲಲ್ಲಿ ತಗೊಳ್ಳಿ. ಇದೊಂದು ಬಂದರೆ ಅರ್ಧ ಕೆಲಸ ಆದಂಗೆ. ಎದುರಾಳಿ ಒಬ್ಬನೇ ಪ್ರೆಸ್ ಮಾಡಿದರೆ ಕೀಪರ್ ಸೇರಿ ನಾವು ಮೂವರು, ಆರಾಮಾಗಿ ದಾಟಿಸಬಹುದು. ಜಾಸ್ತಿ ಜನ ನುಗ್ಗಿದರೆ ಸುಮ್ನೆ ಹಠ ಬೇಡ, ಉದ್ದ ಪಾಸ್ ಕೊಡಿ. ಆಗ ಮುಂದೆ ಜಾಗ ಇರುತ್ತದೆ. ಕೀಪರ್‌ಗೆ ವಾಪಸ್ ಕೊಡುವಾಗ ಗೋಲಿನ ನೇರಕ್ಕೆ ಬೇಡ, ಪಕ್ಕಕ್ಕೆ ಕೊಡಿ. ಕಾಲಲ್ಲಿ ಕೊಟ್ಟಿದ್ದನ್ನು ಅವರು ಕೈಯಲ್ಲಿ ಹಿಡಿಯುವಂತಿಲ್ಲ.

ಪೋಷಕರೇ, ಮೊದಮೊದಲು ಹೀಗೆ ಆಡುವಾಗ ಕೆಲವು ಗೋಲು ಬೀಳುತ್ತವೆ. ಪಕ್ಕದಲ್ಲಿ ನಿಂತು "ಹೊಡಿ, ಹೊಡಿ" ಅಂತ ಕೂಗಬೇಡಿ, ಪ್ಲೀಸ್.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಆಡುವ ಪೊಸಿಷನ್ ಇಲ್ಲಿ ಹಾಕಿ. ಶಿನ್ ಗಾರ್ಡ್, ನೀರಿನ ಬಾಟಲ್ ಮರೆಯಬೇಡಿ.